ಹಗ್ಗದ ಹುರಿ, ಜೀವದ ಹುರಿ
(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ಜೀವವಿಜ್ಞಾನದ ವಿಷಯವನ್ನೆತ್ತಿಕೊಂಡು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ಪಾಠದ ವಿಷಯಗಳು. ಆದರೆ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋಗಲಿಲ್ಲ. ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು.

ಕಳೆದ ವರ್ಷ ನನ್ನ ತಮ್ಮನಿಗೆ ಜ್ವರ ಬಂದಿತು. ಯಾವ ಜ್ವರ ಬಂದರೂ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿಸುವುದು ನಮ್ಮ ಮನೆಯ ಹಳೆಯ ರೂಢಿ. ಈ ಸಲವೂ ಹಾಗೆಯೇ ಮಾಡಿದೆವು. ಐದು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ರಕ್ತ ಪರೀಕ್ಷೆ ಮಾಡಿ ಟೈಫಾಯಿಡ್ ಎಂದರು. ಪರೀಕ್ಷೆಯ ಚೀಟಿಯಲ್ಲಿ ಔಷಧಿಗಳ ಒಂದು ಪಟ್ಟಿಯಿತ್ತು. ಸಿಪ್ರೊಫ್ಲಾಕ್ಸಾಸಿನ್ ಎಂಬ ಹೆಸರಿನ ಎದುರಿಗೆ ‘ರೆಸಿಸ್ಟೆಂಟ್’ ಎಂದು ಬರೆದಿತ್ತು. ಆ ಚೀಟಿಯನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ‘ಏನಂತೆ ಕಣವ್ವ?’ ಎಂದು ಅವ್ವ ಕೇಳಿದಳು. ‘ಈ ಮಾತ್ರೆ ನಾಟುವುದಿಲ್ಲವಂತೆ’ ಎಂದೆ. ‘ಯಾಕೆ ನಾಟಾಕಿಲ್ಲ?’ ಎಂದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಆ ಪ್ರಶ್ನೆಗೆ ಉತ್ತರವಿಲ್ಲದೆ ಸುಮ್ಮನೆ ನಿಂತಿದ್ದೆ. ಸೂಜಿಮದ್ದಿನಿಂದ ತಮ್ಮ ಗುಣವಾದ. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಕೆಲವು ತಿಂಗಳ ಮೇಲೆ, ವಿಜ್ಞಾನ ಬೋಧಿಸುವ ಅಧ್ಯಾಪಕರೊಬ್ಬರು ನಮ್ಮ ಕಾಲೇಜಿಗೆ ಉಪನ್ಯಾಸಕ್ಕೆಂದು ಬಂದಾಗ ಅವರನ್ನೇ ಕೇಳಿದೆ. ‘ಆ ಮಾತ್ರೆ ಬ್ಯಾಕ್ಟೀರಿಯದ ಒಂದು ಕಿಣ್ವವನ್ನು ಹಿಡಿಯುತ್ತದೆ. ಆ ಕಿಣ್ವದ ಕೆಲಸ ಡಿ.ಎನ್.ಎ.ಯ ಹುರಿಯನ್ನು ಸಡಿಲಿಸುವುದು. ಅದು ತಿಳಿಯಬೇಕಾದರೆ ಮೊದಲು ಹುರಿಯೆಂದರೇನೆಂದು ತಿಳಿಯಬೇಕು’ ಎಂದು ಹೇಳಿ ಒಂದು ಪುಸ್ತಕವನ್ನು ಕೊಟ್ಟರು. ಪುಸ್ತಕ ಓದಿದೆ, ಅರ್ಧವೂ ತಲೆಗೆ ಹತ್ತಲಿಲ್ಲ. ಹತ್ತಿದ್ದು ನಮ್ಮ ಮನೆಯ ಅಂಗಳದಲ್ಲಿ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿ. ಅವ್ವ ನಾರಿನ ಹಗ್ಗ ಹೊಸೆಯುತ್ತಾಳೆ. ರಾಟೆ ತಿರುಗಿಸುವ ಕೆಲಸ ಚಿಕ್ಕಂದಿನಿಂದಲೂ ನನ್ನದು. ಎರಡು ಎಳೆಗಳನ್ನು ಒಂದರ ಮೇಲೊಂದು ಸುತ್ತಿ ಹೊಸೆದರೆ ಹಗ್ಗವಾಗುತ್ತದೆ. ಹುರಿ ಹೆಚ್ಚಾದ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ಮುದುಡುತ್ತದೆ. ಇದನ್ನು ನಾನು ಸಾವಿರ ಸಲ ಕಂಡಿದ್ದೆ. ಆ ದಿನ ಹೊಸದಾಗಿ ಒಂದು ಪರೀಕ್ಷೆ ಮಾಡಿದೆ. ಹಗ್ಗದ ಎರಡು ತುದಿಗಳನ್ನೂ ಎರಡು ಕಂಬಗಳಿಗೆ ಬಿಗಿದು, ನಡುವೆ ಎಳೆಗಳ ಸಂದಿಗೆ ಬೆರಳು ತೂರಿಸಿ ಮುಂದಕ್ಕೆ ತಳ್ಳಿದೆ. ಒಂದು ಮೊಳ ಹೋಗುವಷ್ಟರಲ್ಲಿ ಮುಂದಿನ ಹುರಿ ಬಿಗಿದು ಬೆರಳು ನಿಂತಿತು. ಹಿಂದಿನ ಭಾಗ ಸಡಿಲವಾಗಿ ಜೋತುಬಿತ್ತು. ನೋಡುತ್ತಿದ್ದ ಅವ್ವ ನಕ್ಕಳು. ‘ಎರಡು ತುದೀನೂ ಬಿಗಿದು ಕಟ್ಟಿಬಿಟ್ಟು ನಡುವೆ ಬಿಡಿಸೋಕೆ ಹೋದ್ರೆ ಹುರಿ ಎಲ್ಲಿಗೆ ಹೋಗ್ತದೆ? ಮುಂದಕ್ಕೇ ಹೋಗಿ ಕೂರ್ತದೆ. ಒಂದು ತುದಿ ಬಿಚ್ಚಿ ತಿರುವಬೇಕು. ಇಲ್ಲಾಂದ್ರೆ ನಡುವೆ ಕುಯ್ದು, ತಿರುವಿ, ಮತ್ತೆ ಸೇರಿಸಬೇಕು ಕಣವ್ವ’ ಎಂದಳು.

ಪುಸ್ತಕದಲ್ಲಿ ನೂರು ಪುಟಗಳಲ್ಲಿ ಬರೆದಿದ್ದ ವಿಷಯದ ತಿರುಳು ಇದೇ. ಇನ್ನು ಮುಂದಿನದನ್ನು ಕ್ರಮವಾಗಿ ಹೇಳುತ್ತೇನೆ.

ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಿದೆಯೆಂಬುದು ಎಲ್ಲರಿಗೂ ತಿಳಿದದ್ದೆ. ಅದು ಒಂಟಿ ಎಳೆಯಲ್ಲ, ಒಂದನ್ನೊಂದು ಸುತ್ತಿಕೊಂಡ ಎರಡು ಎಳೆಗಳು ಎಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಅವರ ಕ್ಷಕಿರಣ ಚಿತ್ರಗಳು ಅದಕ್ಕೆ ಆಧಾರವಾದವು. ಎಳೆಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಜೋಡಿ ಅಕ್ಷರಗಳಿವೆ. ಸುಮಾರು ಹತ್ತೂವರೆ ಜೋಡಿಗೆ ಒಂದು ಸುತ್ತು. ಈ ಅಕ್ಷರಗಳ ಸಾಲಿನಲ್ಲಿ ಅರ್ಥವುಳ್ಳ ಒಂದೊಂದು ಭಾಗವೂ ಒಂದೊಂದು ಜೀನು. ಜೀನನ್ನು ಓದಿ ಆರ್.ಎನ್.ಎ. ಎಂಬ ನಕಲು ತೆಗೆದು, ಆ ನಕಲಿನಂತೆ ಪ್ರೋಟೀನು ತಯಾರಿಸುವುದಕ್ಕೆ ಜೀನಿನ ಅಭಿವ್ಯಕ್ತಿಯೆಂದು ಹೆಸರು. ಎಲ್ಲ ಜೀನುಗಳನ್ನೂ ಎಲ್ಲ ಕಾಲದಲ್ಲಿಯೂ ಓದುವುದಿಲ್ಲ. ಯಾವುದನ್ನು ಯಾವಾಗ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ವಿವೇಚನೆಯ ಮೇಲೆ ಕೋಶದ ಬದುಕು ನಿಂತಿದೆ.

ನಮ್ಮೆಲ್ಲರ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನು ತೆಗೆದುಕೊಳ್ಳೋಣ. ಅದರ ಡಿ.ಎನ್.ಎ.ಯಲ್ಲಿ ಸುಮಾರು 46 ಲಕ್ಷ ಜೋಡಿ ಅಕ್ಷರಗಳಿವೆ. ಬಿಡಿಸಿಟ್ಟರೆ ಅದರ ಉದ್ದ ಸುಮಾರು ಒಂದೂವರೆ ಮಿಲಿಮೀಟರು. ಅದಿರುವ ಕೋಶದ ಉದ್ದವೋ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು. ತನಗಿಂತ ಏಳೆಂಟು ನೂರು ಪಾಲು ಉದ್ದದ ಹಗ್ಗವನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಪ್ರಾಣಿಯದು! ಆ ಹಗ್ಗಕ್ಕೆ ತುದಿಗಳೂ ಇಲ್ಲ. ಅದು ಉಂಗುರದಂತೆ ಮುಚ್ಚಿಕೊಂಡಿದೆ. ಎಳೆಗಳು ಒಂದನ್ನೊಂದು ನಾಲ್ಕು ಲಕ್ಷಕ್ಕೂ ಹೆಚ್ಚು ಸಲ ಸುತ್ತಿವೆ. ಎರಡು ತುದಿಗಳನ್ನೂ ಕಂಬಕ್ಕೆ ಬಿಗಿದ ನನ್ನ ಹಗ್ಗದ ಸ್ಥಿತಿಯೇ ಇದರದೂ ಆಗಿದೆ. ಮುಚ್ಚಿದ ಉಂಗುರದಲ್ಲಿ ಎಳೆಗಳು ಎಷ್ಟು ಸಲ ಸುತ್ತಿವೆಯೆಂಬ ಲೆಕ್ಕವು, ಎಳೆಯನ್ನು ಕತ್ತರಿಸಿದ ಹೊರತು ಬದಲಾಗಲಾರದು. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 1050 ಜೋಡಿ ಅಕ್ಷರಗಳ ಒಂದು ಉಂಗುರವಿದೆಯೆಂದು ಊಹಿಸಿರಿ. ಅದರಲ್ಲಿ ಸಹಜವಾಗಿ 100 ಸುತ್ತುಗಳಿರಬೇಕು. ಕತ್ತರಿಸಿ, ಆರು ಸುತ್ತು ಬಿಚ್ಚಿ, ಮತ್ತೆ ಸೇರಿಸಿದರೆ 94 ಉಳಿಯುತ್ತವೆ. ಆಗ ಉಂಗುರದ ಮುಂದೆ ಎರಡು ದಾರಿಗಳಿವೆ. ಒಂದು, ಎಳೆಗಳು ತಮ್ಮ ಸಹಜವಾದ ಸುತ್ತನ್ನೇ ಇಟ್ಟುಕೊಂಡು, ಇಡೀ ಉಂಗುರವೇ ತನ್ನ ಮೇಲೆ ತಾನು ಸುತ್ತಿಕೊಂಡು ಆ ಕೊರತೆಯನ್ನು ತುಂಬಿಕೊಳ್ಳುವುದು. ಸುರುಳಿಯ ಮೇಲಿನ ಈ ಸುರುಳಿಗೆ ವಿಜ್ಞಾನಿಗಳು ಸೂಪರ್‌ಕಾಯಿಲಿಂಗ್ ಎನ್ನುತ್ತಾರೆ. ನಾನು ಅತಿಸುರುಳಿಯೆಂದು ಕರೆಯುತ್ತೇನೆ. ಇನ್ನೊಂದು ದಾರಿಯೆಂದರೆ, ಅರುವತ್ತು ಅಕ್ಷರಗಳಷ್ಟು ಭಾಗದಲ್ಲಿ ಎಳೆಗಳು ಬೇರ್ಪಟ್ಟು ಬಾಯಿ ತೆರೆಯುವುದು. ಸುತ್ತು ಕಡಿಮೆಯಾದ ಉಂಗುರ ಸಾಮಾನ್ಯವಾಗಿ ಮೊದಲನೆಯ ದಾರಿಯಲ್ಲಿರುತ್ತದೆ. ಆದರೆ ಎರಡನೆಯದಕ್ಕೆ ಸದಾ ಸಿದ್ಧವಾಗಿರುತ್ತದೆ. ಬಾಯಿ ತೆರೆದಷ್ಟೂ ಅದರ ಬಿಗಿ ಕಡಿಮೆಯಾಗುವುದೇ ಇದಕ್ಕೆ ಕಾರಣ.

ಈ ಅತಿಸುರುಳಿಯನ್ನು ಮೊದಲು ಗುರುತಿಸಿದವರು ಅಮೆರಿಕದ ಜೆರೋಮ್ ವಿನೊಗ್ರಾಡ್ ಮತ್ತು ಅವರ ಸಂಗಡಿಗರು. 1965ರಲ್ಲಿ ಅವರು ಪಾಲಿಯೋಮಾ ಎಂಬ ವೈರಸ್ಸಿನ ಡಿ.ಎನ್.ಎ.ಯನ್ನು ಪರೀಕ್ಷಿಸುತ್ತಿದ್ದರು. ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟಾಗ ಅದರಲ್ಲಿ ಒಂದು ಬಗೆಯದು ಬೇಗನೆ ತಳಕ್ಕಿಳಿಯುತ್ತಿತ್ತು, ಇನ್ನೊಂದು ನಿಧಾನವಾಗಿ. ಒಂದೇ ಒಂದು ಎಳೆಯಲ್ಲಿ ಒಂದೇ ಒಂದು ಕಡಿತ ಮಾಡಿದರೆ ಬೇಗನೆ ಇಳಿಯುವುದು ನಿಧಾನದ್ದಾಗಿ ಮಾರ್ಪಡುತ್ತಿತ್ತು. ಬಿಗಿಯಾಗಿ ಮುದುಡಿದ್ದ ಉಂಗುರವು, ಒಂದು ಕಡಿತದಿಂದ ಹುರಿ ಬಿಚ್ಚಿ ಅಗಲವಾಗುತ್ತದೆಯೆಂದು ಅವರು ತರ್ಕಿಸಿದರು. ಬ್ಯಾಕ್ಟೀರಿಯಗಳಿಂದ ಶುದ್ಧಮಾಡಿ ತೆಗೆದ ಡಿ.ಎನ್.ಎ.ಯಲ್ಲಿಯೂ ನೂರಕ್ಕೆ ಸುಮಾರು ಆರು ಸುತ್ತುಗಳು ಕಡಿಮೆಯಿರುವುದು ಮುಂದೆ ತಿಳಿದುಬಂದಿತು. ಕೋಶದೊಳಗೆ ಆ ಕೊರತೆಯಲ್ಲಿ ಅರ್ಧದಷ್ಟನ್ನು ಪ್ರೋಟೀನುಗಳು ತಮ್ಮ ಮೈಮೇಲೆ ಸುತ್ತಿಕೊಂಡು ಹಿಡಿದಿರುತ್ತವೆ. ಉಳಿದರ್ಧ ಬಿಗಿಯಾಗಿ ಕಾದಿರುತ್ತದೆ.

ಇದರಿಂದ ಜೀನಿಗೇನು? ಜೀನನ್ನು ಓದುವ ಯಂತ್ರ ಆರ್.ಎನ್.ಎ. ಪಾಲಿಮರೇಸ್ ಎಂಬ ಕಿಣ್ವ. ಮುಚ್ಚಿದ ಪುಸ್ತಕವನ್ನು ಓದಲಾಗುವುದಿಲ್ಲವಷ್ಟೆ. ಅದು ಜೀನಿನ ಹೊಸ್ತಿಲಲ್ಲಿ ಕುಳಿತು ಹನ್ನೆರಡು, ಹದಿಮೂರು ಅಕ್ಷರಗಳಷ್ಟು ಎಳೆಗಳನ್ನು ಬಿಡಿಸಿದ ಮೇಲೆಯೇ ಓದು ಆರಂಭ. ಸುತ್ತು ಕಡಿಮೆಯಿರುವ ಡಿ.ಎನ್.ಎ. ತಾನಾಗಿಯೇ ಬಾಯಿ ತೆರೆಯಲು ಹವಣಿಸುತ್ತಿರುವುದರಿಂದ ಈ ಕೆಲಸ ಸುಲಭವಾಗುತ್ತದೆ. ಅಷ್ಟೇ ಅಲ್ಲ. ಪಾಲಿಮರೇಸ್ ಹಿಡಿದುಕೊಳ್ಳುವ ಹೊಸ್ತಿಲಿನಲ್ಲಿ ಎರಡು ಗುರುತುಗಳಿರುತ್ತವೆ. ಹುರಿ ಹೆಚ್ಚುಕಡಿಮೆಯಾದರೆ ಆ ಗುರುತುಗಳು ಒಂದೇ ಮಗ್ಗುಲಿಗೆ ಬರುವುದೂ ಉಂಟು, ಒಂದಕ್ಕೊಂದು ಓರೆಯಾಗುವುದೂ ಉಂಟು. ಆದುದರಿಂದ ಒಂದೇ ಬಿಗಿ ಒಂದು ಜೀನನ್ನು ಎಬ್ಬಿಸಿ ಇನ್ನೊಂದನ್ನು ಮಲಗಿಸಬಹುದು.

ಹಾಗಾದರೆ ಈ ಹುರಿಯನ್ನು ಏರಿಸಿ ಇಳಿಸುವವರು ಯಾರು? ಅವ್ವ ಹೇಳಿದಂತೆ ಕುಯ್ದು, ತಿರುವಿ, ಸೇರಿಸುವ ಕಿಣ್ವಗಳು. ಇವಕ್ಕೆ ಟೋಪೊಐಸೊಮರೇಸ್‌ಗಳೆಂದು ಹೆಸರು. ಮೊದಲನೆಯದನ್ನು 1971ರಲ್ಲಿ ಜೇಮ್ಸ್ ವಾಂಗ್ ಎಂಬವರು ಇ. ಕೋಲಿಯಲ್ಲಿಯೇ ಕಂಡುಹಿಡಿದರು. ಅದು ಒಂದು ಎಳೆಯನ್ನು ಮಾತ್ರ ಕತ್ತರಿಸಿ, ಅದರ ಸಂದಿನಲ್ಲಿ ಇನ್ನೊಂದು ಎಳೆಯನ್ನು ದಾಟಿಸಿ, ಮತ್ತೆ ಬೆಸೆದು, ಕೊರತೆಯಾಗಿದ್ದ ಸುತ್ತನ್ನು ಒಂದೊಂದಾಗಿ ತುಂಬುತ್ತದೆ. ಎಂದರೆ ಬಿಗಿಯನ್ನು ಸಡಿಲಿಸುತ್ತದೆ. 1976ರಲ್ಲಿ ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು ಇದಕ್ಕೆ ವಿರುದ್ಧವಾದ ಕೆಲಸದ ಕಿಣ್ವವನ್ನು ಕಂಡರು. ಅದೇ ಗೈರೇಸ್. ಇದು ಎರಡು ಎಳೆಗಳನ್ನೂ ಒಟ್ಟಿಗೆ ಕತ್ತರಿಸಿ, ಆ ಬಾಗಿಲಿನಲ್ಲಿ ಹಗ್ಗದ ಇನ್ನೊಂದು ಭಾಗವನ್ನು ತೂರಿಸಿ, ಮತ್ತೆ ಬೆಸೆಯುತ್ತದೆ. ಪ್ರತಿ ಸಲಕ್ಕೂ ಎರಡು ಸುತ್ತು ಕಡಿಮೆಯಾಗುತ್ತದೆ. ಕತ್ತರಿಸಿದ ತುದಿಗಳನ್ನು ಅದು ಒಂದು ಗಳಿಗೆಯೂ ಕೈಬಿಡುವುದಿಲ್ಲ; ತನ್ನ ಮೈಗೇ ಅಂಟಿಸಿಕೊಂಡಿರುತ್ತದೆ. ಈ ದುಡಿಮೆಗೆ ಅದಕ್ಕೆ ಎ.ಟಿ.ಪಿ. ಎಂಬ ಇಂಧನ ಬೇಕು.

ಇಲ್ಲಿ ಒಂದು ಸ್ವಾರಸ್ಯವುಂಟು. ಪಾಲಿಮರೇಸ್ ಜೀನನ್ನು ಓದುತ್ತ ಸೆಕೆಂಡಿಗೆ ನಲವತ್ತೈವತ್ತು ಅಕ್ಷರಗಳಷ್ಟು ಮುಂದುವರಿಯುತ್ತದೆ. ಅದು ಎಳೆಗಳ ಸಂದಿಗೆ ತೂರಿಸಿದ ನನ್ನ ಬೆರಳಿದ್ದಂತೆ. ಮುಂದೆ ಪ್ರತಿ ಸೆಕೆಂಡಿಗೆ ನಾಲ್ಕೈದು ಸುತ್ತಿನಷ್ಟು ಹುರಿ ಬಿಗಿಯುತ್ತದೆ, ಹಿಂದೆ ಅಷ್ಟೇ ಸಡಿಲವಾಗುತ್ತದೆ. ಈ ಮಾತನ್ನು 1987ರಲ್ಲಿ ಲಿರಾಯ್ ಲಿಯು ಮತ್ತು ವಾಂಗ್ ಸ್ಪಷ್ಟವಾಗಿ ಮುಂದಿಟ್ಟರು. ಮುಂದಿನ ಬಿಗಿಯನ್ನು ಗೈರೇಸ್ ತೆಗೆಯುತ್ತದೆ, ಹಿಂದಿನ ಸಡಿಲವನ್ನು ವಾಂಗರ ಕಿಣ್ವ ಸರಿಪಡಿಸುತ್ತದೆ. ಇವೆರಡೂ ಇಲ್ಲದಿದ್ದರೆ ಓದು ನಡುವೆಯೇ ನಿಂತುಹೋಗುತ್ತಿತ್ತು. ಇನ್ನೂ ಒಂದು ಸಂಗತಿಯೆಂದರೆ, ಒಂದು ಜೀನನ್ನು ಓದುವಾಗ ಹಿಂದೆ ಉಳಿಯುವ ಸಡಿಲವು ಪಕ್ಕದ ಜೀನಿನ ಬಾಗಿಲು ತೆರೆಯಲು ನೆರವಾಗಬಹುದು. ನೆರೆಮನೆಯ ಸದ್ದು ಈ ಮನೆಯವರನ್ನೂ ಎಬ್ಬಿಸಿದ ಹಾಗೆ.

ಜೀನುಗಳ ನಿಯಂತ್ರಣವೆಂದರೆ ಒಂದೊಂದು ಬಾಗಿಲಿಗೂ ಒಂದೊಂದು ಬೀಗ, ಅದಕ್ಕೊಂದು ಬೀಗದ ಕೈ ಎಂಬ ಚಿತ್ರ 1961ರಲ್ಲಿ ಫ್ರಾನ್ಸಿನ ಜಾಕೊಬ್ ಮತ್ತು ಮೊನೊ ಅವರ ಸಂಶೋಧನೆಯಿಂದ ಮೂಡಿತ್ತು. ಅದು ಇಂದಿಗೂ ನಿಜವೇ. ಆದರೆ ಹುರಿಯು ಒಂದು ಬಾಗಿಲಿನ ಬೀಗವಲ್ಲ. ಅದು ಮನೆಯೆಲ್ಲಕ್ಕೂ ಒಮ್ಮೆಗೇ ಮುಟ್ಟುವ ಸುದ್ದಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇ. ಕೋಲಿಯ ಡಿ.ಎನ್.ಎ.ಯ ಅತಿಸುರುಳಿಯನ್ನು ಸಡಿಲಿಸಿದಾಗ 306 ಜೀನುಗಳ ಓದಿನಲ್ಲಿ ವ್ಯತ್ಯಾಸವಾಯಿತು. 200 ಜೀನುಗಳ ಓದು ಇಳಿಯಿತು, 106ರದು ಏರಿತು. ಏರಿದವುಗಳಲ್ಲಿ ಗೈರೇಸ್ ತಯಾರಿಸುವ ಜೀನುಗಳೂ ಸೇರುತ್ತವೆ. ಇದನ್ನು ಗೆಲರ್ಟ್ ಮತ್ತು ಮೆನ್ಜೆಲ್ 1983ರಲ್ಲಿಯೇ ತೋರಿಸಿದ್ದರು. ಡಿ.ಎನ್.ಎ. ಸಡಿಲವಾದರೆ ಗೈರೇಸ್ ಹೆಚ್ಚು ತಯಾರಾಗುತ್ತದೆ. ಅದು ದುಡಿದು ಅತಿಸುರುಳಿ ಏರಿದ ಮೇಲೆ ಅದರ ತಯಾರಿ ತಗ್ಗುತ್ತದೆ. ವಾಂಗರ ಕಿಣ್ವದ ಜೀನು ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವೆರಡೂ ಹುರಿಯನ್ನು ಹದದಲ್ಲಿಡುತ್ತವೆ.

ಹದವೆಂದರೆ ಯಾವಾಗಲೂ ಒಂದೇ ಬಿಗಿಯೆಂದಲ್ಲ. ಗೈರೇಸಿಗೆ ಇಂಧನ ಬೇಕೆಂದು ಹೇಳಿದೆನಷ್ಟೆ. ಕೋಶಕ್ಕೆ ಆಹಾರ ಸಾಲದೆ ಎ.ಟಿ.ಪಿ. ತಗ್ಗಿದರೆ ಗೈರೇಸ್ ಸೋಲುತ್ತದೆ, ಅತಿಸುರುಳಿ ಇಳಿಯುತ್ತದೆ, ಓದುವ ಜೀನುಗಳ ಪಟ್ಟಿ ಬದಲಾಗುತ್ತದೆ. ಹೊರಗಿನ ಉಪ್ಪು ಹೆಚ್ಚಾದರೆ ಅತಿಸುರುಳಿ ಏರುತ್ತದೆಯೆಂದು ಹಿಗಿನ್ಸ್ ಮತ್ತು ಸಂಗಡಿಗರು 1988ರಲ್ಲಿ ಸಾಲ್ಮೊನೆಲ್ಲಾ ಹಾಗೂ ಇ. ಕೋಲಿಗಳಲ್ಲಿ ಕಂಡರು. ಹೊರಗಿನ ಪ್ರಪಂಚದಲ್ಲಿ ಏನಾಗುತ್ತಿದೆಯೆಂಬುದು ಹೀಗೆ ಹುರಿಯ ಮೂಲಕ ಜೀನುಗಳಿಗೆ ತಿಳಿಯುತ್ತದೆ. ನನ್ನ ಈ ಲೇಖನದ ಮುಖ್ಯ ಮಾತು ಇದೇ: ಡಿ.ಎನ್.ಎ.ಯ ಸುತ್ತು ಉದ್ದವಾದ ಎಳೆಯನ್ನು ಇಕ್ಕಟ್ಟಿನಲ್ಲಿ ತುರುಕುವ ಉಪಾಯ ಮಾತ್ರವಲ್ಲ. ಯಾವ ಜೀನನ್ನು ಓದಬೇಕೆಂದು ತಿಳಿಸುವ ಸಾಧನಗಳಲ್ಲಿ ಅದೂ ಒಂದು.

ಸಾಲ್ಮೊನೆಲ್ಲಾ ಎಂಬ ಹೆಸರು ಬಂದಿತಲ್ಲವೆ? ನನ್ನ ತಮ್ಮನ ಜ್ವರಕ್ಕೆ ಕಾರಣವಾದ ಬ್ಯಾಕ್ಟೀರಿಯ ಆ ಕುಲದ್ದೇ. ಅದರ ಹತ್ತಿರದ ಬಂಧುವೊಂದರ ಮೇಲೆ ಗಲಾನ್ ಮತ್ತು ಕರ್ಟಿಸ್ ಎಂಬವರು 1990ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಕರುಳಿನ ಗೋಡೆಯ ಜೀವಕೋಶಗಳೊಳಕ್ಕೆ ನುಗ್ಗಲು ಆ ಬ್ಯಾಕ್ಟೀರಿಯಕ್ಕೆ ಬೇಕಾದ ಜೀನುಗಳು ಡಿ.ಎನ್.ಎ.ಯ ಅತಿಸುರುಳಿಗೆ ತಕ್ಕಂತೆ ಎಚ್ಚರಗೊಳ್ಳುತ್ತವೆಯೆಂದು ಅವರು ತೋರಿಸಿದರು. ಬಾಟಲಿಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಕ್ಕೆ ಉಪ್ಪು ಹೆಚ್ಚಿಸಿದರೂ ಆ ಜೀನುಗಳು ಎದ್ದವು. ನೀರಿನಿಂದ ಕರುಳಿಗೆ ಬಂದಿಳಿದೆನೆಂದು ಆ ಕುರುಡು ಜೀವಿಗೆ ತಿಳಿಸುವ ಗುರುತುಗಳಲ್ಲಿ ಹುರಿಯೂ ಒಂದಿರಬೇಕು.

ಈಗ ಅವ್ವನ ಪ್ರಶ್ನೆಗೆ ಬರೋಣ. 1962ರಲ್ಲಿ ನಾಲಿಡಿಕ್ಸಿಕ್ ಆಮ್ಲವೆಂಬ ಔಷಧಿ ಬೆಳಕಿಗೆ ಬಂದಿತು. ಅದು ಹಿಡಿಯುವುದು ಗೈರೇಸನ್ನು ಎಂದು ತಿಳಿದದ್ದು, ಆ ಕಿಣ್ವ ಸಿಕ್ಕ ಮೇಲೆ, 1977ರಲ್ಲಿ. ಸಿಪ್ರೊಫ್ಲಾಕ್ಸಾಸಿನ್ ಅದೇ ಮನೆತನದ ಕಿರಿಯ ಮಗ. ಗೈರೇಸ್ ಎರಡು ಎಳೆಗಳನ್ನೂ ಕತ್ತರಿಸಿ ಹಿಡಿದುಕೊಂಡ ಸಮಯಕ್ಕೆ ಸರಿಯಾಗಿ ಈ ಮಾತ್ರೆಯ ಅಣುಗಳು ಆ ಸಂದಿನಲ್ಲಿ ತೂರಿಕೊಳ್ಳುತ್ತವೆ. ಆಗ ಗೈರೇಸ್ ಬೆಸೆಯಲಾರದು. ಕುಯ್ದ ಹಗ್ಗ ಕುಯ್ದಂತೆಯೇ ಉಳಿದು, ಇಂಥ ತುಂಡುಗಳು ಹೆಚ್ಚಿ, ಬ್ಯಾಕ್ಟೀರಿಯ ಸಾಯುತ್ತದೆ. ಮನುಷ್ಯರ ಕೋಶಗಳಲ್ಲಿ ಗೈರೇಸ್ ಇಲ್ಲ; ಅದರ ದೂರದ ನಂಟರಿದ್ದರೂ ಅವರ ಮೇಲೆ ಈ ಮಾತ್ರೆಯ ಹಿಡಿತ ಬಹಳ ಕಡಿಮೆ. ಆದುದರಿಂದಲೇ ಅದು ನಮಗೆ ಮದ್ದು, ಅದಕ್ಕೆ ವಿಷ.

ಗೈರೇಸ್ ಒಂದು ಪ್ರೋಟೀನು. ನೂರಾರು ಅಮೈನೋ ಆಮ್ಲಗಳ ಸರ. ಅದರ ‘ಎ’ ಎಂಬ ಭಾಗದಲ್ಲಿ 83ನೆಯ ಸ್ಥಾನದ ಮಣಿ ಸೆರೀನ್. ಜೀನಿನಲ್ಲಿ ಒಂದು ಅಕ್ಷರ ತಪ್ಪಿ ಆ ಸೆರೀನಿನ ಜಾಗಕ್ಕೆ ಫಿನೈಲ್‌ಅಲನೀನ್ ಬಂದು ಕೂತರೆ ಮಾತ್ರೆಗೆ ಹಿಡಿತ ಸಡಿಲವಾಗುತ್ತದೆ. ಗೈರೇಸ್ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಇಂಥ ಬದಲಾವಣೆಗಳು ತಾವಾಗಿ, ಅಪರೂಪಕ್ಕೆ, ಆಗುತ್ತಿರುತ್ತವೆ. ಮಾತ್ರೆಯನ್ನು ಬೇಕಿದ್ದಕ್ಕೂ ಬೇಡದ್ದಕ್ಕೂ ನುಂಗಿದಾಗ ಬಗ್ಗುವ ಬ್ಯಾಕ್ಟೀರಿಯಗಳು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ನಮ್ಮ ದೇಶದ ಟೈಫಾಯಿಡ್ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಇಂದು ಈ ಮಾತ್ರೆಗೆ ಸರಿಯಾಗಿ ಬಗ್ಗುವುದಿಲ್ಲ. ತಮ್ಮನ ಮೈಯಲ್ಲಿದ್ದದ್ದು ನಮ್ಮ ಮನೆಯ ಎರಡು ಮಾತ್ರೆಗಳಿಂದಲೇ ಹುಟ್ಟಿತೆಂದು ನಾನು ಹೇಳಲಾರೆ; ಊರೂರಿನಲ್ಲಿ ಮನೆಮನೆಯವರು ನುಂಗಿದ ಎರಡೆರಡು ಮಾತ್ರೆಗಳಲ್ಲಿ ನಮ್ಮದೂ ಸೇರಿತ್ತೆಂದು ಮಾತ್ರ ಬಲ್ಲೆ.

ನಮ್ಮ ಕೋಶಗಳಲ್ಲಿಯೂ ಹುರಿಯ ಕಥೆ ಇದೆ. ಮನುಷ್ಯನ ಒಂದು ಕೋಶದಲ್ಲಿ ಸುಮಾರು ಎರಡು ಮೀಟರು ಡಿ.ಎನ್.ಎ. ಇದ್ದು, ಅದು ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿದೆ. ಅಲ್ಲಿಯೂ ಓದುವಾಗ ಹುರಿಯೇರುತ್ತದೆ, ಟೋಪೊಐಸೊಮರೇಸ್‌ಗಳು ಇಳಿಸುತ್ತವೆ. 2013ರಲ್ಲಿ ಇಲಿಗಳ ನರಕೋಶಗಳಲ್ಲಿ ಇವನ್ನು ತಡೆದಾಗ ಬಹಳ ಉದ್ದನೆಯ ಜೀನುಗಳ ಓದೇ ಹೆಚ್ಚಾಗಿ ಕುಸಿಯಿತು. ದಾರಿ ಉದ್ದವಾದಷ್ಟೂ ಹುರಿ ಹೆಚ್ಚು ಎಂದು ಹಗ್ಗ ಹೊಸೆಯುವವರು ಇದನ್ನು ಊಹಿಸಬಲ್ಲರು. 1966ರಲ್ಲಿ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾಣಿ ಅವರು ಚೀನಾದ ಒಂದು ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್ ಈ ಕಿಣ್ವಗಳಲ್ಲೊಂದನ್ನು ಹಿಡಿಯುತ್ತದೆ. ಅದರಿಂದ ರೂಪಿಸಿದ ಔಷಧಿಗಳನ್ನು ಕ್ಯಾನ್ಸರಿಗೆ ಕೊಡುತ್ತಾರೆ. ಅದೇ ವಸ್ತು ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ನೋಥಪೊಡೈಟಿಸ್ ಎಂಬ ಸಣ್ಣ ಮರದಲ್ಲಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರೂ ಅವರ ಶಿಷ್ಯರೂ ಕ್ಷಯದ ಬ್ಯಾಕ್ಟೀರಿಯ ಮತ್ತು ಅದರ ಬಂಧುಗಳ ಗೈರೇಸ್ ಹಾಗೂ ಟೋಪೊಐಸೊಮರೇಸ್‌ಗಳ ಮೇಲೆ ಬಹುಕಾಲ ಸಂಶೋಧನೆ ನಡೆಸಿದ್ದಾರೆ. ಇದೆಲ್ಲ ನಮಗೆ ದೂರದ ವಿಷಯವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಷ್ಟನ್ನು ತಿಳಿದುಕೊಂಡ ಮೇಲೆ ಒಂದು ಸಂಜೆ ರಾಟೆ ತಿರುಗಿಸುತ್ತ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಡಿ.ಎನ್.ಎ. ಎಂಬ ಮಾತನ್ನು ಬಿಟ್ಟು ಹಗ್ಗವೆಂದೆ. ಗೈರೇಸ್ ಎನ್ನದೆ ಹುರಿ ನೋಡಿಕೊಳ್ಳುವ ಆಳು ಎಂದೆ. ಅವಳು ಕೈ ನಿಲ್ಲಿಸದೆ ಕೇಳಿದಳು. ಕೊನೆಗೆ, ‘ಹಂಗಾದ್ರೆ ಇನ್ನು ಮೇಲೆ ಅಂಗಡಿ ಮಾತ್ರೆ ಬ್ಯಾಡ, ಡಾಕ್ಟ್ರು ಎಷ್ಟು ದಿನ ಅಂದ್ರೆ ಅಷ್ಟು ದಿನಾನೂ ನುಂಗಬೇಕು’ ಎಂದಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ, ಅವಳೇ ತಿಳಿದುಕೊಂಡಳು.

ವಿಜ್ಞಾನ ಓದಿದವರಿಗೆ ಈ ಲೇಖನದಲ್ಲಿ ಹೊಸದೇನೂ ಇರಲಾರದು. ತಪ್ಪುಗಳಿದ್ದರೆ ತಿದ್ದಬೇಕೆಂದು ಅವರನ್ನು ಬೇಡುತ್ತೇನೆ. ನನ್ನಂತೆ ಕಲಾ ವಿಭಾಗದಲ್ಲಿ ಓದುತ್ತಿರುವ ಮಿತ್ರರಲ್ಲಿ ಒಂದು ವಿನಂತಿ: ಮನೆಯಲ್ಲಿ ಆಸ್ಪತ್ರೆಯ ಚೀಟಿ ಓದಬಲ್ಲವರು ನೀವೊಬ್ಬರೇ ಆಗಿದ್ದರೆ, ಅದರ ಅರ್ಥವನ್ನು ಬಲ್ಲವರಲ್ಲಿ ಕೇಳಿ ತಿಳಿದು, ಮನೆಯವರಿಗೆ ಅವರ ಮಾತಿನಲ್ಲಿಯೇ ತಿಳಿಸಿರಿ. ಪುಸ್ತಕ ಕೊಟ್ಟ ಅಧ್ಯಾಪಕರಿಗೂ, ಹಗ್ಗ ಹೊಸೆದ ದುಡ್ಡಿನಲ್ಲಿ ನನ್ನ ಮೂರು ವರ್ಷದ ಫೀಜು ಕಟ್ಟಿದ ಅವ್ವನಿಗೂ ನಾನು ಋಣಿ.